ಅಂಗಿ ಹೊಲಿಯೋ ಅಕ್ಕಂದಿರು



ನಮ್ಮಕ್ಕ ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಅಪ್ಪ ಬೇಡ ಅಂತಾರೆ. ಹದಿನೈದು ವರ್ಷದಿಂದ ಅಲ್ಲೇ ಹೊಲಿಯುತ್ತಿರುವ ಚಿಕ್ಕಮ್ಮ, "ಕಳಿಸಿ ಭಾವ, ಆದ್ರೆ ಪಿ.ಎಫ್. ಲೆಕ್ಕ ನೋಡ್ಕೊಳ್ಳೋದು ಕಲಿಸಿ ಕಳಿಸಿ" ಅಂದರು. ಯಾಕೆ ಹಾಗಂದ್ರು ಅಂತ ಸಮಾಜ ಪಾಠದ ಸರ್‌ನ ಕೇಳಿದೆ. ಅವರು ಶ್ರೀಲಂಕಾದ ಕಟುನಾಯಕದಿಂದ ಶುರುಮಾಡಿದರು.

ಕಟುನಾಯಕ ಕೊಲಂಬೊ ವಿಮಾನ ನಿಲ್ದಾಣದ ಪಕ್ಕದಲ್ಲಿದೆ. 1978ರಲ್ಲಿ ಅಲ್ಲಿ ರಫ್ತು ಸಂಸ್ಕರಣಾ ವಲಯ ಆರಂಭವಾಯಿತು. ಹಾಗಂದರೆ ಹೊರದೇಶದ ಕಂಪನಿಗಳನ್ನು ಕರೆಯಲು ಸರ್ಕಾರ ಬೇರೆ ಮಾಡಿಟ್ಟ ಜಾಗ. ಬಟ್ಟೆ, ನೂಲು, ಯಂತ್ರ ಸುಂಕವಿಲ್ಲದೆ ಒಳಗೆ ಬರುತ್ತೆ. ಹೊಲಿದ ಅಂಗಿ ಹೊರದೇಶಕ್ಕೆ ಹೋಗುತ್ತೆ. ಏಷ್ಯಾದಲ್ಲಿ ಇಂಥ ಮೊದಲ ವಲಯ ನಮ್ಮ ಗುಜರಾತಿನ ಕಾಂಡ್ಲಾದಲ್ಲಿ 1965ರಲ್ಲಿ ಆಗಿತ್ತು.

ಕಟುನಾಯಕದಲ್ಲಿ ದುಡಿಯುವವರು ಹೆಚ್ಚಾಗಿ ಹಳ್ಳಿಯಿಂದ ಬಂದ ಹುಡುಗಿಯರು. ಹುಡುಗಿಯರೇ ಯಾಕೆ? ಅವರ ಕೈ ಚುರುಕು ಅಂತ ಹೇಳ್ತಾರೆ. ಕಡಿಮೆ ಸಂಬಳಕ್ಕೆ ಬರ್ತಾರೆ, ಎದುರು ಮಾತಾಡಲ್ಲ ಅನ್ನೋದು ಒಳಗಿನ ಲೆಕ್ಕ. ಸಣ್ಣ ಬಾಡಿಗೆ ಕೋಣೆಯಲ್ಲಿ ಹಲವರು ಸೇರಿ ಇರಬೇಕು. ದಿನಕ್ಕಿಷ್ಟು ಪೀಸು ಅಂತ ಟಾರ್ಗೆಟ್ಟು. ಆದರೂ ಊರಲ್ಲಿ ಸಿಗದ ಸಂಬಳ ತನ್ನ ಕೈಗೇ ಬರುತ್ತಲ್ಲ! ಕೆಲವು ವರ್ಷ ದುಡಿದು, ಮದುವೆ ಹೊತ್ತಿಗೆ ಭವಿಷ್ಯನಿಧಿ ಹಣ ತಗೊಂಡು ಊರಿಗೆ ಮರಳಬೇಕು ಅಂತ ಬಹಳ ಜನರ ಆಸೆ.

2011ರಲ್ಲಿ ಅಲ್ಲಿನ ಸರ್ಕಾರ ಪಿಂಚಣಿ ಮಸೂದೆ ತಂದಿತು. ಸಂಬಳದಲ್ಲಿ ಈಗಲೇ ಕಡಿತ, ಪಿಂಚಣಿ ಮಾತ್ರ ಬಹಳ ವರ್ಷ ದುಡಿದವರಿಗೆ, ಅದೂ ವಯಸ್ಸಾದ ಮೇಲೆ. ಬೇಗ ಊರಿಗೆ ಹೋಗೋರಿಗೆ ಏನು ಸಿಗುತ್ತೆ? ಎದುರು ಮಾತಾಡಲ್ಲ ಅಂದುಕೊಂಡಿದ್ದ ಹುಡುಗಿಯರೇ ಮೇ ತಿಂಗಳಲ್ಲಿ ಸಾವಿರಾರು ಜನ ಹೊರಗೆ ಬಂದರು. ಪೊಲೀಸರ ಗುಂಡಿಗೆ ಒಬ್ಬ ಯುವ ಕಾರ್ಮಿಕ ಸತ್ತ. ಕೊನೆಗೆ ಸರ್ಕಾರ ಮಸೂದೆ ಕೈಬಿಟ್ಟಿತು.

ಚಿಕ್ಕಮ್ಮನ ಫ್ಯಾಕ್ಟರಿ ಅಂಥ ವಲಯದಲ್ಲಿಲ್ಲ. ಆದರೆ ಅಲ್ಲೂ ಹೊಲಿಯೋದು ಹೊರದೇಶಕ್ಕೇ. ಪಿ.ಎಫ್.ನಲ್ಲಿ ಮಾಲೀಕರ ಪಾಲು 58 ವರ್ಷ ತುಂಬೋವರೆಗೆ ಕೊಡಲ್ಲ ಅಂತ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರೂ ಸಾವಿರಾರು ಜನ ರಸ್ತೆಗಿಳಿದರು. ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಆ ಗುಂಪಿನಲ್ಲಿ ಚಿಕ್ಕಮ್ಮನೂ ಇದ್ದರಂತೆ! ಅವರ ಮಾತಿನ ಅರ್ಥ ನನಗೆ ಆಗ ಆಯಿತು.

ಅಪ್ಪ ಇನ್ನೂ ಒಪ್ಪಿಲ್ಲ. ನಿಮ್ಮ ಮನೆಯಿಂದಲೂ ಯಾರಾದರೂ ಹೊರಟಿದ್ದರೆ ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡಿ. ಪಿ.ಎಫ್. ಕಟ್ತಾರಾ, ನಂಬರ್ ಕೊಟ್ಟಿದ್ದಾರಾ ಅಂತಲೂ ಕೇಳಿ. ಅದು ಅವರದೇ ದುಡಿಮೆಯ ಹಣ.

– ಹತ್ತನೇ ತರಗತಿ ವಿದ್ಯಾರ್ಥಿನಿ