ಮೋಟರ್‌ನ ತಪ್ಪಲ್ಲ, ಮಾರಾಯ್ರೆ

ಕಕ್ಕಿಂಜೆಯಂಥ ಊರಿನಲ್ಲಿ ಆಟೋ ಎಲೆಕ್ಟ್ರಿಕ್ ಅಂಗಡಿ ಇಟ್ಟವನಿಗೆ ಜೂನ್ ಬಂತೆಂದರೆ ವೈಪರ್, ಹೆಡ್‌ಲೈಟ್, ಕಿಟಕಿ ಗಾಜು, ಇವೇ ಕೆಲಸ. ಇಲ್ಲಿಂದ ಮುಂದೆ ಚಾರ್ಮಾಡಿ, ಘಾಟಿ ಹತ್ತಿದರೆ ಕೊಟ್ಟಿಗೆಹಾರ. ಚೆಕ್‌ಪೋಸ್ಟಿನಲ್ಲಿ ಒಂದು ಮಾತಾಡಲೆಂದು ಗಾಜು ಇಳಿಸಿದ ಹಳೇ ಕಾರಿನವರು ಅದನ್ನು ಮತ್ತೆ ಏರಿಸುವಷ್ಟರಲ್ಲಿ ಬಲತೋಳು, ಸೀಟು, ಬಾಗಿಲಿನ ಬಟ್ಟೆ ಎಲ್ಲ ಒದ್ದೆಯಾಗಿರುತ್ತದೆ. ಸ್ವಿಚ್ ಒತ್ತಿ ಹಿಡಿದದ್ದೇ ಬಂತು, ಗಾಜು ಮುಲುಗುತ್ತಾ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮರುದಿನ ನನ್ನಲ್ಲಿಗೆ ಬಂದು, “ಮೋಟರ್ ಹೋಗಿದೆ, ಹೊಸತು ಹಾಕಿಬಿಡಿ” ಎನ್ನುತ್ತಾರೆ. ಕಾಯಿಲೆಗೂ ಮದ್ದಿಗೂ ಅವರೇ ಹೆಸರಿಟ್ಟುಕೊಂಡು ಬಂದಿರುತ್ತಾರೆ.

ನಾನು ಮೊದಲು ಹೇಳುವುದು ಒಂದೇ: ಮೋಟರ್ ಪೂರ್ತಿ ಸತ್ತಿದ್ದರೆ ಗಾಜು ಅಲುಗುವುದೇ ಇಲ್ಲ. ನಿಧಾನವಾಗಿಯಾದರೂ ಹೋಗುತ್ತಿದೆ ಎಂದರೆ ಹೆಚ್ಚಿನ ಸಲ ಅದಕ್ಕೆ ಸಿಗಬೇಕಾದ ಕರೆಂಟು ಸಿಗುತ್ತಿಲ್ಲ, ಇಲ್ಲವೇ ಎಳೆಯಬಾರದ ಭಾರವನ್ನು ಅದು ಎಳೆಯುತ್ತಿದೆ.

ಹಳೇ ಕಾರು ಎಂದರೆ ಯಾವುದು ಎಂದು ಕೇಳಬಹುದು. ಇಲ್ಲಿಂದ ಉಜಿರೆ ದಾಟಿ ಧರ್ಮಸ್ಥಳಕ್ಕೆ ಹೋದರೆ ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಕಾರುಗಳ ಸಂಗ್ರಹಾಲಯವಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ. ಸರ್ಕಾರದ ಲೆಕ್ಕದಲ್ಲಿ ವಿಂಟೇಜ್ ಅನ್ನಿಸಿಕೊಳ್ಳಬೇಕಾದರೆ 50 ವರ್ಷ ದಾಟಬೇಕು. 2021ರ ನಿಯಮ ಹಾಗೆ ಹೇಳುತ್ತದೆ. ನನ್ನ ಅಂಗಡಿಗೆ ಬರುವವು ಅಷ್ಟು ದೊಡ್ಡವರಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಬಂದರೆ ಅವುಗಳದ್ದು ಕೈಯಲ್ಲಿ ತಿರುಗಿಸುವ ಹ್ಯಾಂಡಲ್, ಅದಕ್ಕೆ ನಾನು ಬೇಕಾಗಿಯೇ ಇಲ್ಲ. ಅಮೆರಿಕದ ಪ್ಯಾಕಾರ್ಡ್ ಕಾರಿಗೆ 1940ರಲ್ಲೇ ಪವರ್ ವಿಂಡೋ ಬಂದಿತ್ತು. ಅದು ನಡೆಯುತ್ತಿದ್ದದ್ದು ಎಣ್ಣೆಯ ಒತ್ತಡದಲ್ಲಿ. ನಮ್ಮಲ್ಲಿ ಸಾಮಾನ್ಯ ಜನ ಸ್ವಿಚ್ ಒತ್ತಿ ಗಾಜು ಇಳಿಸುವುದನ್ನು ಕಂಡದ್ದು 1991ರ ಟಾಟಾ ಸಿಯೆರಾ, 1994ರ ಮಾರುತಿ ಎಸ್ಟೀಮ್‌ನಂಥ ಕಾರುಗಳಲ್ಲಿ. ಆಗ ಅದು ಗತ್ತು. ಈಗ ಆ ಕಾರುಗಳಿಗೆ ಮೂವತ್ತರ ಆಸುಪಾಸು, ಅವುಗಳ ರಬ್ಬರಿಗೂ ವಯರಿಗೂ ಅಷ್ಟೇ.

ಬಾಗಿಲಿನ ಒಳಗಡೆ ಇರುವುದು ದೊಡ್ಡ ವಿದ್ಯೆಯೇನಲ್ಲ. ಒಂದು ಸಣ್ಣ ಡಿಸಿ ಮೋಟರ್, ಅದರ ತುದಿಗೆ ವರ್ಮ್ ಗೇರ್, ಗೇರ್ ಎಳೆಯುವ ಕತ್ತರಿಯಾಕಾರದ ತೋಳು ಅಥವಾ ಕೇಬಲ್. ಇದನ್ನು ನಾವು ರೆಗ್ಯುಲೇಟರ್ ಅನ್ನುತ್ತೇವೆ, ಕೆಲವರು ಬರೀ ‘ಮಿಷಿನ್’ ಅನ್ನುತ್ತಾರೆ. ಗಾಜಿನ ಎರಡೂ ಅಂಚು ರಬ್ಬರ್ ಚಾನೆಲ್‌ನೊಳಗೆ ಜಾರುತ್ತದೆ. ಸ್ವಿಚ್ ಮೇಲೆತ್ತಿದರೆ ಮೋಟರಿಗೆ ಪಾಸಿಟಿವ್, ನೆಗೆಟಿವ್ ಒಂದು ಕ್ರಮದಲ್ಲಿ ಹೋಗುತ್ತದೆ, ಕೆಳಗೊತ್ತಿದರೆ ಅದೇ ಅದಲುಬದಲು. ಅಷ್ಟೇ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಇಂಜಿನ್ ಬಂದ್ ಇಟ್ಟು, ಕೀ ಮಾತ್ರ ಆನ್ ಮಾಡಿ ಗಾಜು ಏರಿಸಿ ನೋಡಿ. ಆಮೇಲೆ ಇಂಜಿನ್ ಚಾಲೂ ಮಾಡಿ ಏರಿಸಿ. ಎರಡನೇ ಸಲ ಸ್ವಲ್ಪ ಚುರುಕಾಗುವುದು ಸಹಜ. ಎದ್ದು ಕಾಣುವಷ್ಟು ಚುರುಕಾಯಿತು, ಹೆಡ್‌ಲೈಟ್ ಹಾಕಿದ ಕೂಡಲೇ ಮತ್ತೆ ಮಂದವಾಯಿತು ಎಂದಾದರೆ ದೋಷ ಕರೆಂಟಿನದ್ದು. ಏನು ಮಾಡಿದರೂ ಒಂದೇ ವೇಗ, ಕೈಯಿಂದ ಗಾಜನ್ನು ಮೇಲಕ್ಕೆ ಒತ್ತಿ ಸಹಾಯ ಮಾಡಿದರೆ ಮಾತ್ರ ಓಡುತ್ತದೆ ಎಂದಾದರೆ ದೋಷ ರಬ್ಬರಿನದ್ದೋ ಗ್ರೀಸಿನದ್ದೋ. ಸರಿಯಾಗಿರುವ ಗಾಜು ನಾಲ್ಕೈದು ಸೆಕೆಂಡಿನಲ್ಲಿ ಮೇಲೆ ಮುಟ್ಟಬೇಕು.

ಕಳೆದ ಮಳೆಗಾಲದಲ್ಲಿ ನೆರಿಯ ಕಡೆಯಿಂದ ಒಬ್ಬರು ಎಸ್ಟೀಮ್ ತಂದಿದ್ದರು. ಬೇರೆ ಕಡೆ ಹೊಸ ಮೋಟರ್ ಹಾಕಿಸಿ ಆಗಿತ್ತು, ಆದರೂ ಗಾಜಿನ ನಡಿಗೆ ಬದಲಾಗಿರಲಿಲ್ಲ. ಇಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 14 ವೋಲ್ಟ್ ಚೆನ್ನಾಗಿಯೇ ತೋರಿಸುತ್ತಿತ್ತು. ಬಾಗಿಲಿನ ಟ್ರಿಮ್ ಬಿಚ್ಚಿ, ಮೋಟರಿನ ಕನೆಕ್ಟರಿಗೆ ಮಲ್ಟಿಮೀಟರ್ ಸೂಜಿ ತಾಗಿಸಿ, ಗಾಜು ಓಡುತ್ತಿರುವಾಗಲೇ ನೋಡಿದೆ: ಹತ್ತೂ ಇಲ್ಲ. ಓಡುತ್ತಿರುವಾಗಲೇ ನೋಡಬೇಕು ಎನ್ನುವುದು ಮುಖ್ಯ. ನಿಂತ ಮೋಟರಿನ ಕನೆಕ್ಟರ್ ಬಿಚ್ಚಿ ಅಳೆದರೆ ಹಾಳಾದ ವಯರ್ ಕೂಡ ಪೂರ್ತಿ ವೋಲ್ಟೇಜ್ ತೋರಿಸಿ ನಿಮ್ಮನ್ನು ಮೋಸ ಮಾಡುತ್ತದೆ. ಕರೆಂಟು ಹರಿದಾಗಲೇ ಅದರ ಬಣ್ಣ ಬಯಲಾಗುವುದು. ಲೆಕ್ಕ ಸುಲಭ: ದಾರಿಯಲ್ಲಿ ಒಟ್ಟು 0.3 ಓಂ ತಡೆ ಇದ್ದು 10 ಆಂಪಿಯರ್ ಹರಿದರೆ 3 ವೋಲ್ಟ್ ಅಲ್ಲಿಯೇ ಮಾಯ. ಅಡಿಕೆ ತೋಟದ ಪಂಪಿಗೆ ಸಂಜೆ ಹೊತ್ತು ಲೋ ವೋಲ್ಟೇಜ್ ಬಂದರೆ ಏನಾಗುತ್ತದೆ ಎಂದು ಈ ಊರಿನವರಿಗೆ ನಾನು ವಿವರಿಸಬೇಕಾಗಿಲ್ಲ.

ಎಸ್ಟೀಮ್‌ನಲ್ಲಿ ಮಾಯವಾದ ಆ ನಾಲ್ಕಕ್ಕೂ ಹೆಚ್ಚು ವೋಲ್ಟ್ ಎಲ್ಲಿಗೆ ಹೋಯಿತು? ಡ್ರೈವರ್ ಬಾಗಿಲಿನ ಸ್ವಿಚ್ ಬಿಚ್ಚಿದೆ. ಒಳಗಿನ ತಾಮ್ರದ ಕಾಂಟ್ಯಾಕ್ಟುಗಳು ಕಪ್ಪು ಹಿಡಿದು, ನಡುವೆ ಸಣ್ಣ ಸಣ್ಣ ಕುಳಿ. ಈ ಕಾಲದ ಕಾರುಗಳಲ್ಲಿ ಮೋಟರಿನ ಪೂರ್ತಿ ಕರೆಂಟು ಆ ಸಣ್ಣ ಸ್ವಿಚ್ಚಿನ ಮೂಲಕವೇ ಹೋಗುವುದು ಹೆಚ್ಚು. ಪ್ರತಿಸಲ ಒತ್ತಿ ಬಿಟ್ಟಾಗ ಒಳಗೆ ಕಿಡಿ ಹಾರುತ್ತದೆ, ವರ್ಷಗಳು ಕಳೆದಂತೆ ತಾಮ್ರ ಸುಡುತ್ತದೆ. ಹಲವು ಕಾರುಗಳಲ್ಲಿ ಎಡಗಡೆ ಗಾಜಿನ ಕರೆಂಟು ಡ್ರೈವರ್ ಸ್ವಿಚ್, ಎಡಬಾಗಿಲಿನ ಸ್ವಿಚ್ ಎರಡನ್ನೂ ದಾಟಬೇಕು. ಎಡಗಡೆಯದ್ದೇ ಮೊದಲು ಮಂದವಾಗಲು ಅದೂ ಒಂದು ಕಾರಣ. ನೈಸ್ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಜೋಡಿಸಿದೆ. ಬಾಗಿಲಿಗೂ ಪಿಲ್ಲರಿಗೂ ನಡುವಿನ ರಬ್ಬರ್ ಕೊಳವೆಯೊಳಗೆ, ಬಾಗಿಲು ತೆಗೆದು ಹಾಕಿ ಬಾಗಿ ಬಾಗಿ, ಒಂದು ವಯರಿನ ಎಳೆಗಳು ಅರ್ಧಕ್ಕರ್ಧ ತುಂಡಾಗಿದ್ದವು. ಅದಕ್ಕೆ ಹೊಸ ತುಂಡು ಬೆಸುಗೆ ಹಾಕಿದೆ, ಬೆಸುಗೆ ಮಾತ್ರ ಬಾಗುವ ಜಾಗದಿಂದ ದೂರ, ಬಾಗಿಲಿನ ಒಳಕ್ಕೆ. ಈಗ ಮೀಟರ್ 13ರ ಹತ್ತಿರ. ಗಾಜು ಸರ್ರನೆ ಏರಿತು. ಹೊಸ ಮೋಟರಿನ ದುಡ್ಡು ಮಾತ್ರ ದಂಡ.

ಸ್ವಿಚ್ ತೀರಾ ಸುಟ್ಟಿದ್ದರೆ, ಅಥವಾ ಅದರ ಜೋಡಿ ಈಗ ಸಿಗದಿದ್ದರೆ, ರಿಲೇ ಹಾಕುವುದು ಒಳ್ಳೆಯ ದಾರಿ. ಒಂದು ಗಾಜಿಗೆ ಐದು ಕಾಲಿನ ರಿಲೇ ಎರಡು ಬೇಕು, ಮೇಲಕ್ಕೆ ಒಂದು, ಕೆಳಕ್ಕೆ ಒಂದು. ಸುಮ್ಮನಿದ್ದಾಗ ಮೋಟರಿನ ಎರಡೂ ವಯರ್ ರಿಲೇಗಳ 87ಎ ಕಾಲಿನ ಮೂಲಕ ಅರ್ಥಿಗೆ ಸೇರಿರಬೇಕು. ಸ್ವಿಚ್ ಒತ್ತಿದಾಗ ಒಂದು ಮಾತ್ರ ಪಾಸಿಟಿವ್‌ಗೆ ಜಿಗಿಯುತ್ತದೆ. ಆಗ ಸ್ವಿಚ್ಚಿಗೆ ಸಿಗುವುದು ರಿಲೇ ಸುರುಳಿಯ ಚಿಲ್ಲರೆ ಕರೆಂಟು, ಮೋಟರಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ದಾರಿ. ಹಾಗೆಂದು ಫ್ಯೂಸ್ ಹೋಗುತ್ತಿದೆ ಎಂದು ಅದಕ್ಕಿಂತ ದೊಡ್ಡದು ತುರುಕಬೇಡಿ. ಫ್ಯೂಸ್ ಬದಲು ವಯರ್ ಸುಡುತ್ತದೆ.

ಇನ್ನು ರಬ್ಬರ್. ಘಾಟಿ ಕೆಳಗಿನ ಮಳೆ, ಬೇಸಗೆಯ ಧೂಳು, ಮರದಡಿ ನಿಲ್ಲಿಸಿದಾಗ ಬೀಳುವ ಕಸ, ಎಲ್ಲ ಸೇರಿ ಚಾನೆಲ್‌ನೊಳಗೆ ಕಪ್ಪು ಮೇಣದಂತೆ ಕೂತಿರುತ್ತದೆ. ನಮ್ಮವರ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ ಅಥವಾ ಸೀಮೆಎಣ್ಣೆ. ಎರಡೂ ಬೇಡ. ಸೀಮೆಎಣ್ಣೆಗೆ ರಬ್ಬರ್ ಉಬ್ಬುತ್ತದೆ, ತೆಂಗಿನೆಣ್ಣೆಗೆ ಧೂಳು ಅಂಟುತ್ತದೆ. ಒಂದು ವಾರ ಚೆನ್ನಾಗಿ ಓಡಿ ಆಮೇಲೆ ಮೊದಲಿಗಿಂತ ಕೆಟ್ಟದಾಗುತ್ತದೆ. ಚಪ್ಪಟೆ ಪಟ್ಟಿಗೆ ಬಟ್ಟೆ ಸುತ್ತಿ ಸೋಪಿನ ನೀರಲ್ಲಿ ಅದ್ದಿ ಚಾನೆಲ್ ತಿಕ್ಕಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ರೆಗ್ಯುಲೇಟರಿನ ಹಲ್ಲು, ಹಳಿಗಳಲ್ಲಿ ಹಳೇ ಗ್ರೀಸ್ ಅಂಟಿನ ಹಾಗೆ ಗಟ್ಟಿಯಾಗಿರುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆದ ಮೇಲೆಯೇ ಬಿಳಿ ಲಿಥಿಯಂ ಗ್ರೀಸ್ ಹಚ್ಚಬೇಕು. ಗಾಜನ್ನು ರೆಗ್ಯುಲೇಟರಿನಿಂದ ಬಿಡಿಸಿ ಕೈಯಿಂದ ಮೇಲೆ ಕೆಳಗೆ ಜಾರಿಸಿ ನೋಡಿ. ಕೈಗೇ ಬಿಗಿಯಾದರೆ ಮೋಟರಿಗೆ ಹೇಗೆ ಹಗುರಾದೀತು?

ಒಂದು ಎಚ್ಚರಿಕೆಯ ಮಾತು. ಕತ್ತರಿ ಮಾದರಿಯ ಕೆಲವು ರೆಗ್ಯುಲೇಟರಿನಲ್ಲಿ ಗಾಜಿನ ಭಾರ ಹೊರಲು ಗಡಿಯಾರದ ಸುರುಳಿಯಂಥ ಬಲವಾದ ಸ್ಪ್ರಿಂಗ್ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ಮೋಟರೇ. ತೋಳನ್ನು ಬೋಲ್ಟ್ ಹಾಕಿ ಬಂಧಿಸದೆ ಮೋಟರ್ ಬಿಚ್ಚಿದರೆ ತೋಳು ಒಮ್ಮೆಲೇ ತಿರುಗುತ್ತದೆ, ಬೆರಳು ಉಳಿಯುವುದಿಲ್ಲ. ಈ ಕೆಲಸ ತಿಳಿದವರಿಗೇ ಬಿಡಿ. ಹಾಗೆಯೇ ಈ ಹಳೇ ಗಾಜುಗಳಿಗೆ ಅಡ್ಡ ಸಿಕ್ಕಿದರೆ ತಾನಾಗಿ ನಿಲ್ಲುವ ಬುದ್ಧಿ ಇಲ್ಲ. ಚುರುಕು ಮಾಡಿಸಿದ ಮೇಲೆ ಮಕ್ಕಳ ಕೈ ಕಿಟಕಿಯಲ್ಲಿದೆಯೋ ಎಂದು ನೋಡಿಕೊಳ್ಳಿ.

ಇಷ್ಟೆಲ್ಲ ಆದರೂ ಮಂದವಾಗಿದ್ದರೆ ಆಗ ಮೋಟರನ್ನು ಅನುಮಾನಿಸೋಣ. ಬಿಚ್ಚಿದರೆ ಸವೆದ ಕಾರ್ಬನ್ ಬ್ರಷ್, ಕಮ್ಯುಟೇಟರ್ ಸಂದಿನಲ್ಲಿ ತುಂಬಿದ ಕರಿಪುಡಿ, ನೀರು ಹೋಗಿ ತುಕ್ಕು ಹಿಡಿದ ಬುಷ್ ಕಾಣುತ್ತದೆ. ಬ್ರಷ್ ಬದಲಿಸಿ ಉಳಿಸಬಹುದಾದದ್ದನ್ನು ಎಸೆದು, ಅಗ್ಗದ ಯೂನಿವರ್ಸಲ್ ಕಿಟ್ ಹಾಕಿಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಳಗೆ ನೀರು ಹೋದದ್ದು ಏಕೆ ಎಂದು ನೋಡಿದರೆ ಬಾಗಿಲಿನ ತಳದ ನೀರು ಹೋಗುವ ತೂತುಗಳು ಎಲೆ, ಮಣ್ಣಿನಿಂದ ಮುಚ್ಚಿರುತ್ತವೆ. ಅಥವಾ ಹಿಂದೆ ಬಿಚ್ಚಿದವರು ಟ್ರಿಮ್ಮಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡಿರುತ್ತಾರೆ.

ಆದ್ದರಿಂದ ಹಳೇ ಕಾರು ಇರುವವರಲ್ಲಿ ನನ್ನ ಕೋರಿಕೆ: ಬಾಗಿಲು ಬಿಚ್ಚುವ ಕೆಲಸವನ್ನು ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ಮೊದಲೇ ಮಾಡಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಆ ಪ್ಲಾಸ್ಟಿಕ್ ಹಾಳೆಯ ಅಂಟು ಒದ್ದೆ ತಗಡಿಗೆ ಹಿಡಿಯುವುದಿಲ್ಲ.