ಷಟರ್ ಎಳೆದ ಮೇಲಿನ ಬೆಳಕು

2022ರಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ರಾತ್ರಿ ಹೊತ್ತು ಒಂದಷ್ಟು ಹುಡುಗರು ಅಂಗಡಿಗಳ ದೀಪ ಆರಿಸುತ್ತಾ ಹೊರಟರು. ಓಡಿ ಬಂದು, ಗೋಡೆಗೆ ಒಂದು ಕಾಲು ಕೊಟ್ಟು ಮೇಲಕ್ಕೆ ನೆಗೆದು, ಬಾಗಿಲಿಗಿಂತ ಎತ್ತರದಲ್ಲಿದ್ದ ಸ್ವಿಚ್ ಎಳೆದು ಇಳಿಯುತ್ತಿದ್ದರು. ಬೋರ್ಡು ಥಟ್ಟನೆ ಕತ್ತಲಾಗುತ್ತಿತ್ತು. ಬೆಂಕಿ ಬಿದ್ದಾಗ ಅಗ್ನಿಶಾಮಕದವರಿಗೆ ಬೇಕೆಂದು ಹೊರಗಿಟ್ಟ ಸ್ವಿಚ್ ಅದು. ಹುಡುಗರು ಗೋಡೆ, ಕಟ್ಟೆಗಳನ್ನು ನೆಗೆದು ದಾಟುವ ಪಾರ್ಕೂರ್ ಆಟದವರು, ಏನನ್ನೂ ಒಡೆಯಲಿಲ್ಲ.

ಅವರು ಕೇಳಿದ್ದು ಇದ್ದ ನಿಯಮವನ್ನೇ. ಫ್ರಾನ್ಸಿನಲ್ಲಿ 2013ರ ಜುಲೈ 1ರಿಂದ ಅಂಗಡಿಯ ಷೋಕೇಸ್ ದೀಪಗಳು ರಾತ್ರಿ 1 ಗಂಟೆಯೊಳಗೆ ಆರಬೇಕು. ಒಳಗಿನ ಕೆಲಸ ಅದಕ್ಕಿಂತ ತಡವಾದರೆ, ಮುಗಿದ ಒಂದು ಗಂಟೆಯೊಳಗೆ. ಆದರೂ ಎಷ್ಟೋ ಕಡೆ ದೀಪ ಉರಿಯುತ್ತಲೇ ಇತ್ತು.

ಗಿರಾಕಿ ಇಲ್ಲದ ಹೊತ್ತಿನ ಆ ಬೆಳಕು ಹುಳುಗಳಿಗೆ ಏನು ಮಾಡುತ್ತದೆ ನೋಡಿ. ದೀಪದ ಮೋಹಕ್ಕೆ ಬಿದ್ದು ಹಾತೆ ಸಾಯುತ್ತದೆ ಎಂದು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದೇವೆ. ಅದು ಮೋಹವಲ್ಲ. ಅತಿವೇಗದ ಕ್ಯಾಮೆರಾಗಳಲ್ಲಿ ಹುಳುಗಳ ಹಾರಾಟ ಸೆರೆಹಿಡಿದ ವಿಜ್ಞಾನಿಗಳು 2024ರಲ್ಲಿ ತೋರಿಸಿದ್ದು ಇದು: ಹಾರುವ ಹುಳು ತನ್ನ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸುತ್ತದೆ. ಕೋಟ್ಯಂತರ ವರ್ಷ ಭೂಮಿಯ ಮೇಲೆ ರಾತ್ರಿಯಲ್ಲೂ ಆಕಾಶವೇ ನೆಲಕ್ಕಿಂತ ಬೆಳಕಾಗಿತ್ತು. ಬೆನ್ನು ಅತ್ತ ಇದ್ದರೆ ಮೈ ನೇರ. ಪಕ್ಕದಲ್ಲಿ ದೀಪ ಬಂದರೆ ಹುಳು ವಾಲುತ್ತದೆ, ವಾಲಿದ್ದರಿಂದ ಸುತ್ತುತ್ತದೆ. ದೀಪ ಕೆಳಗಿದ್ದರೆ ಅಂಗಾತ ಮಗುಚಿ ನೆಲಕ್ಕೆ ಬೀಳುತ್ತದೆ. ಪಾಪದ ಜೀವ, ಯಾವುದು ಮೇಲು ಯಾವುದು ಕೆಳಗು ಎಂಬುದೇ ಅದಕ್ಕೆ ತಪ್ಪಿಹೋಗಿರುತ್ತದೆ.

ಹಕ್ಕಿಗಳದ್ದು ಇನ್ನೊಂದು ಸಂಕಟ. ವಲಸೆ ಹೋಗುವ ಎಷ್ಟೋ ಹಕ್ಕಿಗಳು ಹಾರುವುದು ರಾತ್ರಿಯಲ್ಲಿ; ಬೆಳಕಿರುವ ಕಿಟಕಿಗಳು ಅವುಗಳನ್ನು ತಮ್ಮತ್ತ ಸೆಳೆಯುತ್ತವೆ. ಶಿಕಾಗೊದ ಮೆಕಾರ್ಮಿಕ್ ಪ್ಲೇಸ್ ಎಂಬ ಪ್ರದರ್ಶನ ಕಟ್ಟಡದ ಗಾಜಿಗೆ ಬಡಿದು ಸತ್ತವುಗಳನ್ನು ಅಲ್ಲಿನ ಫೀಲ್ಡ್ ಮ್ಯೂಸಿಯಂನವರು 1978ರಿಂದ ಆಯ್ದು ಲೆಕ್ಕವಿಟ್ಟಿದ್ದಾರೆ. ಯಾವ ಕಿಟಕಿಯಲ್ಲಿ ಬೆಳಕಿತ್ತು, ಯಾವುದರಲ್ಲಿ ಇರಲಿಲ್ಲ ಎಂಬುದನ್ನೂ ಬರೆದಿಟ್ಟರು. ಅಲ್ಲಿ ದಾಖಲಾದ ಅತಿ ಕಡಿಮೆ ಬೆಳಕನ್ನೇ ಸದಾ ಉಳಿಸಿಕೊಂಡರೆ ಸಾವು ಸುಮಾರು 60% ಇಳಿಯುತ್ತದೆ ಎಂದು 2021ರ ಅಧ್ಯಯನ ಲೆಕ್ಕಹಾಕಿತು. ಕೆರೆಗೆ ಸೇರಿದ ವಿಷ ತೊಳೆಯಲು ವರ್ಷಗಳೇ ಬೇಕು. ಬೆಳಕಿನ ಮಾಲಿನ್ಯ ಸ್ವಿಚ್ ಆರಿಸಿದ ಕ್ಷಣವೇ ಇಲ್ಲವಾಗುತ್ತದೆ.

ಬೋರ್ಡಿಗೆ ಟೈಮರ್ ಹಾಕಿಸಿ ಎಂದು ಪರಿಚಯದ ಅಂಗಡಿಯವರಿಗೆ ಹೇಳುತ್ತಿರುತ್ತೇನೆ. ಕಳ್ಳರ ಭಯ ಎನ್ನುತ್ತಾರೆ. ಭಯ ನಿಜವೇ. ಅದಕ್ಕೆ ಯಾರಾದರೂ ಹತ್ತಿರ ಸುಳಿದಾಗ ಮಾತ್ರ ಹತ್ತಿಕೊಳ್ಳುವ ಸೆನ್ಸರ್ ದೀಪ ಲೇಸು: ಕತ್ತಲ ಬೀದಿಯಲ್ಲಿ ಒಮ್ಮೆಗೇ ಬೆಳಕಾದರೆ ಎದುರು ಮನೆಯವರೂ ಕಿಟಕಿಗೆ ಬರುತ್ತಾರೆ.