ನಿನ್ನೆ ತೆರೆದ ಬಾಗಿಲು ಇಂದೇಕೆ ತೆರೆಯದು? ರಿಮೋಟ್ ಡೆಸ್ಕ್‌ಟಾಪ್ ತೊಂದರೆ ಮತ್ತು ಪರಿಹಾರ

ಮನೆಯಲ್ಲಿ ಕುಳಿತು ಕಚೇರಿಯ ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು ಈಗ ಹೊಸ ಸಂಗತಿಯೇನೂ ಅಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಬೆಂಗಳೂರಿನ ಎಷ್ಟೋ ಉದ್ಯೋಗಿಗಳು ತಮ್ಮ ತಮ್ಮ ಊರಿಗೆ ಮರಳಿ ಅಲ್ಲಿಂದಲೇ ಕೆಲಸ ಮುಂದುವರಿಸಿದರು. ಇದಕ್ಕೆ ನೆರವಾಗುವ ಸಾಧನಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ರಿಮೋಟ್ ಡೆಸ್ಕ್‌ಟಾಪ್ ಒಂದು. ದೂರದ ಯಂತ್ರದ ಪರದೆಯೇ ನಿಮ್ಮ ಪರದೆಯ ಮೇಲೆ ಮೂಡುತ್ತದೆ. ನೀವು ಇಲ್ಲಿ ಒತ್ತಿದ ಕೀಲಿ ಅಲ್ಲಿ ಅಕ್ಷರವಾಗುತ್ತದೆ.

ಇಂಥ ವ್ಯವಸ್ಥೆ ಒಂದು ದಿನ ಬೆಳಿಗ್ಗೆ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಹೆಸರು ಅದೇ, ಪಾಸ್‌ವರ್ಡ್ ಅದೇ. ತಿಂಗಳ ಕೊನೆ, ಸಂಬಳದ ಲೆಕ್ಕ ಅಂದೇ ಮುಗಿಯಬೇಕು. ಆಗ ಹೆಚ್ಚಿನವರು ಮಾಡುವ ಕೆಲಸವೆಂದರೆ ಪಾಸ್‌ವರ್ಡನ್ನು ಮತ್ತೆ ಮತ್ತೆ ಹೊಡೆಯುವುದು. ಇದರಿಂದ ಕೆಲವು ಕಚೇರಿಗಳಲ್ಲಿ ಖಾತೆಗೇ ಬೀಗ ಬಿದ್ದು, ಒಂದಿದ್ದ ತೊಂದರೆ ಎರಡಾಗುತ್ತದೆ. ಆದ್ದರಿಂದ ಎರಡು ಸಲ ಪ್ರಯತ್ನಿಸಿ, ನಿಲ್ಲಿಸಿ. ಅನಂತರ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿನ್ನೆಯಿಂದ ಇಂದಿಗೆ ಬದಲಾದದ್ದು ಏನು?

ಉತ್ತರ ಅನೇಕ ವೇಳೆ ಕ್ಯಾಲೆಂಡರಿನಲ್ಲೇ ಇರುತ್ತದೆ. ವಿಂಡೋಸ್‌ಗೆ ಬೇಕಾದ ಸುರಕ್ಷತಾ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆ ಮಾಡುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ನಮ್ಮಲ್ಲಿ, ಋತುಮಾನಕ್ಕೆ ತಕ್ಕಂತೆ, ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಹೀಗಾಗಿ ತೊಂದರೆ ಇದ್ದರೆ ಅದು ನಮಗೆ ಕಾಣಿಸಿಕೊಳ್ಳುವುದು ಬುಧವಾರದಿಂದ ಆಚೆಗೆ.

ಒಳಗೆ ಹೋಗುವ ಬಗೆ

ಪರಿಹಾರಕ್ಕೆ ಮೊದಲು ಬಾಗಿಲು ತೆರೆಯುವ ಕ್ರಮವನ್ನು ತಿಳಿಯಬೇಕು. ದೊಡ್ಡ ಕಚೇರಿಗಳ ವ್ಯವಸ್ಥೆ ಸಿನಿಮಾ ಮಂದಿರದ ಹಾಗೆ ಇರುತ್ತದೆ. ಗೇಟಿನಲ್ಲಿ ನಿಂತವನಿಗೆ ನೀವು ಯಾರೆಂಬುದು ಗೊತ್ತಿಲ್ಲ. ಅವನು ನೋಡುವುದು ಟಿಕೆಟನ್ನು ಮಾತ್ರ. ಟಿಕೆಟ್ ಕೊಡುವವನು ಬೇರೆ, ಕೌಂಟರಿನಲ್ಲಿ ಕುಳಿತಿರುತ್ತಾನೆ. ಕಚೇರಿಯ ಜಾಲದಲ್ಲಿ ಡೊಮೈನ್ ಕಂಟ್ರೋಲರ್ ಎಂಬ ಯಂತ್ರವೇ ಈ ಕೌಂಟರ್. ಅದು ನಿಮ್ಮ ಗುರುತನ್ನು ಪರೀಕ್ಷಿಸಿ ಟಿಕೆಟ್ ಕೊಡುತ್ತದೆ. ಆ ಟಿಕೆಟ್ ತೋರಿಸಿದರೆ ದೂರದ ಯಂತ್ರ ಒಳಗೆ ಬಿಡುತ್ತದೆ.

ಈ ಪದ್ಧತಿಗೆ ಕೆರ್ಬರೋಸ್ ಎಂದು ಹೆಸರು. ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡದ್ದು. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ವಿಂಡೋಸ್ 2000ದಿಂದ ಈಚೆಗೆ ಕಚೇರಿ ಜಾಲಗಳಲ್ಲಿ ಇದರದೇ ಕಾವಲು.

ಅಂದರೆ ಇಲ್ಲಿ ಮೂರು ಜಾಗಗಳಿವೆ: ನಿಮ್ಮ ಯಂತ್ರ, ಟಿಕೆಟ್ ಕೊಡುವ ಯಂತ್ರ, ದೂರದ ಯಂತ್ರ. ಅಪ್‌ಡೇಟಿನಿಂದ ತೊಂದರೆ ಬಂದಾಗ ಈ ಮೂರರಲ್ಲಿ ಎಲ್ಲಿ ಕೆಟ್ಟಿದೆ ಎಂಬುದನ್ನು ಗುರುತಿಸಿದರೆ ಅರ್ಧ ಕೆಲಸ ಆದಂತೆ. ಏಕೆಂದರೆ ಒಂದರ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಈಚಿನ ವರ್ಷಗಳ ಮೂರು ಪ್ರಕರಣಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ದೂರದ ಯಂತ್ರ ಹಿಂದೆ ಬಿದ್ದಾಗ

2018ರಲ್ಲಿ, ಪಾಸ್‌ವರ್ಡ್ ಸಾಗಿಸುವ ಕ್ರೆಡ್‌ಎಸ್‌ಎಸ್‌ಪಿ ಎಂಬ ಭಾಗದಲ್ಲಿ ಒಂದು ದೋಷ ಬೆಳಕಿಗೆ ಬಂತು. ದಾರಿಯ ನಡುವೆ ಹೊಂಚು ಹಾಕಿದವನು ನಿಮ್ಮ ಪ್ರವೇಶವನ್ನೇ ಬಳಸಿಕೊಂಡು ದೂರದ ಯಂತ್ರಕ್ಕೆ ಆಜ್ಞೆ ಕೊಡಬಹುದಾಗಿತ್ತು. ಮಾರ್ಚ್ 13ರಂದು ತಿದ್ದುಪಡಿ ಬಂತು. ಮೇ 8ರ ಅಪ್‌ಡೇಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಿದ್ದುಪಡಿಯಾಗದ ಯಂತ್ರದೊಡನೆ ಸಂಪರ್ಕವನ್ನೇ ನಿರಾಕರಿಸಿತು. ಮರುದಿನ ಜಗತ್ತಿನ ಹಲವೆಡೆ ಒಂದೇ ಸಂದೇಶ: ದೃಢೀಕರಣದಲ್ಲಿ ತಪ್ಪಾಗಿದೆ, ಇದಕ್ಕೆ ‘ಕ್ರೆಡ್‌ಎಸ್‌ಎಸ್‌ಪಿ ಎನ್‌ಕ್ರಿಪ್ಷನ್ ಒರಾಕಲ್ ರೆಮಿಡಿಯೇಷನ್’ ಕಾರಣವಿರಬಹುದು.

ಇದರಲ್ಲಿ ಒಂದು ಸೋಜಿಗವಿದೆ. ಅಪ್‌ಡೇಟ್ ಹಾಕಿಕೊಂಡವರು ಹೊರಗೆ ಉಳಿದರು. ಹಾಕಿಕೊಳ್ಳದವರು ಎಂದಿನಂತೆ ಒಳಗೆ ಹೋದರು. ಆದ್ದರಿಂದ ಎಲ್ಲರೂ ಅಪ್‌ಡೇಟನ್ನೇ ದೂರಿದರು. ನಿಜವಾಗಿ ಹಿಂದೆ ಬಿದ್ದದ್ದು ದೂರದ ಯಂತ್ರ. ಅದಕ್ಕೆ ಅಪ್‌ಡೇಟ್ ಹಾಕಿದೊಡನೆ ತೊಂದರೆ ಮಾಯ.

ಒಳಗೇ ಹೋಗಲಾಗದಿದ್ದರೆ ಅಪ್‌ಡೇಟ್ ಹಾಕುವುದು ಹೇಗೆ ಎಂದು ನೀವು ಕೇಳಬಹುದು. ಉತ್ತಮ ದಾರಿ, ಆ ಯಂತ್ರದ ಬಳಿ ಇರುವವರಿಂದ ಹಾಕಿಸುವುದು. ಅದು ಸಾಧ್ಯವೇ ಇಲ್ಲವಾದರೆ ನಿಮ್ಮ ಯಂತ್ರದ ಗ್ರೂಪ್ ಪಾಲಿಸಿಯಲ್ಲಿ, ಕ್ರೆಡೆನ್ಷಿಯಲ್ಸ್ ಡೆಲಿಗೇಷನ್ ಎಂಬಲ್ಲಿ, ಎನ್‌ಕ್ರಿಪ್ಷನ್ ಒರಾಕಲ್ ರೆಮಿಡಿಯೇಷನ್ ಎಂಬುದನ್ನು ‘ವಲ್ನರಬಲ್’ ಎಂದು ಬದಲಿಸಿ, ಒಳಗೆ ಹೋಗಿ ಅಪ್‌ಡೇಟ್ ಹಾಕಿ, ಹೊರಬಂದು ಕೂಡಲೇ ಅದನ್ನು ಮೊದಲಿನಂತೆ ಮಾಡಬೇಕು. ವಲ್ನರಬಲ್ ಎಂದರೆ ಅಪಾಯಕ್ಕೆ ತೆರೆದುಕೊಂಡದ್ದು ಎಂದರ್ಥ. ಆ ಹೆಸರೇ ಎಚ್ಚರಿಕೆ. ಈ ಬದಲಾವಣೆಯನ್ನು ಮಾಡಿ ಮರೆತರೆ ಕದ ಹಾಕಿ ಅಗುಳಿ ಹಾಕದೆ ಮಲಗಿದಂತೆ.

ಟಿಕೆಟ್ ಕೊಡುವ ಯಂತ್ರವೇ ಕೆಟ್ಟಾಗ

2022ರ ನವೆಂಬರ್ 8ರ ಅಪ್‌ಡೇಟ್‌ನ ಕಥೆ ಇದಕ್ಕೆ ತದ್ವಿರುದ್ಧ. ಇಲ್ಲಿ ತಪ್ಪು ಅಪ್‌ಡೇಟಿನದೇ. ಕೆರ್ಬರೋಸ್ ಟಿಕೆಟ್‌ಗಳ ಗೂಢಲಿಪಿಯನ್ನು ಬಲಪಡಿಸಲು ಹೊರಟ ಅದು, ಡೊಮೈನ್ ಕಂಟ್ರೋಲರ್‌ಗಳಿಗೆ ಹಾಕಿದ ಮೇಲೆ ಕೆಲವು ಖಾತೆಗಳಿಗೆ ಟಿಕೆಟನ್ನೇ ಕೊಡದಂತೆ ಮಾಡಿತು. ರಿಮೋಟ್ ಡೆಸ್ಕ್‌ಟಾಪ್ ಮಾತ್ರವಲ್ಲ, ಹಂಚಿಕೊಂಡ ಕಡತಗಳು, ಪ್ರಿಂಟರ್‌ಗಳು ಕೂಡ ಕೆಲವರಿಗೆ ಕೈಕೊಟ್ಟವು. ಡೊಮೈನ್ ಕಂಟ್ರೋಲರಿನ ಈವೆಂಟ್ ವ್ಯೂವರ್‌ನಲ್ಲಿ, ಸಿಸ್ಟಂ ವಿಭಾಗದಲ್ಲಿ, ಕೆರ್ಬರೋಸ್ ಕೀ ಡಿಸ್ಟ್ರಿಬ್ಯೂಷನ್ ಸೆಂಟರ್ ಹೆಸರಿನ 14ನೆಯ ಸಂಖ್ಯೆಯ ದೋಷ ದಾಖಲಾಗುತ್ತಿದ್ದುದು ಇದರ ಗುರುತು.

ನೌಕರರು ತಮ್ಮ ತಮ್ಮ ಯಂತ್ರಗಳಲ್ಲಿ ಏನು ಮಾಡಿದ್ದರೂ ಇದು ಸರಿಹೋಗುತ್ತಿರಲಿಲ್ಲ. ಕೌಂಟರ್ ಮುಚ್ಚಿರುವಾಗ ಪ್ರೇಕ್ಷಕ ಅಂಗಿ ಬದಲಿಸಿ ಬಂದರೆ ಪ್ರಯೋಜನವೇನು? ಮೈಕ್ರೋಸಾಫ್ಟ್ ನವೆಂಬರ್ 17 ಮತ್ತು 18ರಂದು ವಿಶೇಷ ತಿದ್ದುಪಡಿಗಳನ್ನು ಹೊರಡಿಸಿತು. ವಿಂಡೋಸ್ ಸರ್ವರ್ 2022ಕ್ಕೆ ಅದರ ಸಂಖ್ಯೆ ಕೆಬಿ 5021656. 2019ಕ್ಕೆ ಕೆಬಿ 5021655. ಗಮನಿಸಬೇಕಾದ ಅಂಶವೆಂದರೆ, ಇವು ತಾವಾಗಿ ಬಂದು ಕೂರುವಂಥವಾಗಿರಲಿಲ್ಲ. ಸಂಸ್ಥೆಯ ಅಪ್‌ಡೇಟ್ ಕ್ಯಾಟಲಾಗ್‌ನಿಂದ ಇಳಿಸಿಕೊಂಡು ಎಲ್ಲ ಡೊಮೈನ್ ಕಂಟ್ರೋಲರ್‌ಗಳಿಗೂ ಹಾಕಬೇಕಿತ್ತು. ಸುಮ್ಮನೆ ಕಾದು ಕುಳಿತವರು ಕಾಯುತ್ತಲೇ ಇದ್ದರು.

ನಮ್ಮ ಯಂತ್ರದಲ್ಲೇ ತೊಂದರೆ ಇದ್ದಾಗ

ಮೂರನೆಯದು 2026ರ ಜನವರಿಯದು. ಜನವರಿ 13ರ ಅಪ್‌ಡೇಟ್ ಹಾಕಿಕೊಂಡ ಯಂತ್ರಗಳಲ್ಲಿ, ವಿಂಡೋಸ್ ಆ್ಯಪ್ ಎಂಬ ತಂತ್ರಾಂಶದ ಮೂಲಕ ಅಜೂರ್ ವರ್ಚುವಲ್ ಡೆಸ್ಕ್‌ಟಾಪ್ ಹಾಗೂ ವಿಂಡೋಸ್ 365 ಸೇವೆಗಳಿಗೆ ಹೋಗುವವರಿಗೆ ಪಾಸ್‌ವರ್ಡ್ ಕೇಳುವ ಹಂತದಲ್ಲೇ ಸಂಪರ್ಕ ವಿಫಲವಾಗತೊಡಗಿತು. ದೂರದ ಯಂತ್ರಕ್ಕೆ ಏನೂ ಆಗಿರಲಿಲ್ಲ. ಆದ್ದರಿಂದ ಬೇರೆ ಬಾಗಿಲಿನಿಂದ, ಅಂದರೆ ಬ್ರೌಸರ್ ಮೂಲಕ, ಒಳಗೆ ಹೋಗಬಹುದಾಗಿತ್ತು. ನಾಲ್ಕು ದಿನಗಳಲ್ಲಿ, ಜನವರಿ 17ರಂದು, ವಿಶೇಷ ತಿದ್ದುಪಡಿ ಬಂತು.

ನೀವು ಮಾಡಬೇಕಾದದ್ದು

ಮೊದಲು ಪರದೆಯ ಮೇಲಿನ ಸಂದೇಶವನ್ನು ಪೂರ್ತಿ ಓದಿ, ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ‘ಲಾಗಿನ್ ಆಗುತ್ತಿಲ್ಲ’ ಎಂದಷ್ಟೇ ಹೇಳಿದರೆ ತಜ್ಞನಿಗೂ ಏನೂ ತಿಳಿಯದು. 2018ರ ತೊಂದರೆಯ ಹೆಸರು ಸಂದೇಶದಲ್ಲೇ ಬರೆದಿತ್ತು.

ಎರಡನೆಯದಾಗಿ, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ವಿಭಾಗದಲ್ಲಿ ಅಪ್‌ಡೇಟ್ ಹಿಸ್ಟರಿ ತೆರೆದು, ಕೊನೆಯದಾಗಿ ಬಂದ ಅಪ್‌ಡೇಟಿನ ದಿನಾಂಕ ಮತ್ತು ಕೆಬಿ ಸಂಖ್ಯೆಯನ್ನು ಬರೆದುಕೊಳ್ಳಿ. ಯಂತ್ರದ ಗಡಿಯಾರವನ್ನೂ ನೋಡಿ. ಕೌಂಟರಿನ ಗಡಿಯಾರಕ್ಕೂ ನಿಮ್ಮದಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ, ಅಪ್‌ಡೇಟಿನ ಹಂಗಿಲ್ಲದೆಯೇ ಕೆರ್ಬರೋಸ್ ಟಿಕೆಟ್ ನಿರಾಕರಿಸುತ್ತದೆ.

ಮೂರನೆಯದಾಗಿ, ಎಲ್ಲಿ ಕೆಟ್ಟಿದೆ ಎಂದು ಹುಡುಕಿ. ಸಹೋದ್ಯೋಗಿಯೊಬ್ಬರು ಅದೇ ದೂರದ ಯಂತ್ರಕ್ಕೆ ಹೋಗಬಲ್ಲರೆ? ಹೌದಾದರೆ ನಿಮ್ಮ ಯಂತ್ರದ ಮೇಲೆ ಅನುಮಾನ. ಆದರೆ ಅವರ ಯಂತ್ರಕ್ಕೂ ನಿಮ್ಮದಕ್ಕೂ ಒಂದೇ ಅಪ್‌ಡೇಟ್ ಬಂದಿದೆಯೇ ಎಂದು ಕೇಳಲು ಮರೆಯಬೇಡಿ. 2018ರಲ್ಲಿ ಜನ ಎಡವಿದ್ದು ಅಲ್ಲೇ. ಒಂದೇ ದೂರದ ಯಂತ್ರ ಮಾತ್ರ ನಿರಾಕರಿಸುತ್ತಿದ್ದರೆ ತೊಂದರೆ ಅಲ್ಲಿದೆ. ಅನೇಕರಿಗೆ ಏಕಕಾಲಕ್ಕೆ ಎಲ್ಲವೂ ನಿಂತಿದ್ದರೆ ಟಿಕೆಟ್ ಕೌಂಟರನ್ನು ನೋಡಬೇಕು. ಅದು ಕಚೇರಿಯ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಕೆಲಸ.

ನಾಲ್ಕನೆಯದಾಗಿ, ತಿಳಿದ ದೋಷಗಳನ್ನು ಮೈಕ್ರೋಸಾಫ್ಟ್ ತನ್ನ ‘ವಿಂಡೋಸ್ ರಿಲೀಸ್ ಹೆಲ್ತ್’ ಪುಟಗಳಲ್ಲಿ ಪ್ರಕಟಿಸುತ್ತದೆ. ನೀವು ಬರೆದಿಟ್ಟ ಸಂಖ್ಯೆಯನ್ನು ಅಲ್ಲಿ ಹುಡುಕಿ. ತಿದ್ದುಪಡಿ ಬಂದಿದ್ದರೆ ಅದನ್ನೇ ಹಾಕಿಕೊಳ್ಳಿ. ಬಂದಿಲ್ಲದಿದ್ದರೆ, ಬ್ರೌಸರಿನಂಥ ಬೇರೆ ಬಾಗಿಲು ಇದೆಯೇ ನೋಡಿ. ಅಪ್‌ಡೇಟನ್ನು ತೆಗೆದುಹಾಕುವುದು ಕೊನೆಯ ಉಪಾಯ. ತಿಂಗಳ ಅಪ್‌ಡೇಟ್ ಒಂದೇ ಗಂಟು. ಕೆಟ್ಟದ್ದನ್ನು ಆರಿಸಿ ತೆಗೆಯಲು ಬರುವುದಿಲ್ಲ, ಆ ತಿಂಗಳ ರಕ್ಷಣೆಯೆಲ್ಲ ಅದರೊಂದಿಗೇ ಹೋಗುತ್ತದೆ. ತೆಗೆಯಲೇಬೇಕಾದರೆ, ಸರಿಪಡಿಸಿದ್ದು ಬಂದ ದಿನವೇ ಮತ್ತೆ ಹಾಕಬೇಕು.

ಮಾಡಬಾರದ್ದು

ಇಂಥ ಹೊತ್ತಿನಲ್ಲಿ ಸಿಗುವ ಪುಕ್ಕಟೆ ಸಲಹೆ, ‘ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಷನ್ ತೆಗೆದುಬಿಡಿ’ ಎಂಬುದು. ಪರದೆ ಮೂಡುವ ಮೊದಲೇ ಗುರುತನ್ನು ಕೇಳುವ ಹೊರಗಾವಲು ಅದು. ಅದನ್ನು ತೆಗೆದರೆ ಸಂಪರ್ಕ ಸಿಗಲೂಬಹುದು. ಆದರೆ 2019ರ ಮೇ ತಿಂಗಳ ‘ಬ್ಲೂಕೀಪ್’ ಪ್ರಕರಣವನ್ನು ನೆನಪಿಡಿ. ಪಾಸ್‌ವರ್ಡೇ ಇಲ್ಲದೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹಳೆಯ ವಿಂಡೋಸ್‌ಗಳಿಗೆ ನುಗ್ಗಬಹುದಾದ ದೋಷ ಅದು. ಬೆಂಬಲ ನಿಲ್ಲಿಸಿ ಐದು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತಿದ್ದುಪಡಿ ಕೊಟ್ಟಿತು ಎಂದರೆ ಅಪಾಯದ ಅಳತೆ ತಿಳಿಯುತ್ತದೆ. ಆ ದೋಷಕ್ಕೆ ಎದುರಾಗಿ ಸ್ವಲ್ಪಮಟ್ಟಿಗಾದರೂ ತಡೆಯಾಗಿ ನಿಂತದ್ದು ಇದೇ ಹೊರಗಾವಲು.

ಅದೇ ರೀತಿ, ಒಮ್ಮೆ ಕೈ ಸುಟ್ಟಿತೆಂದು ಅಪ್‌ಡೇಟ್‌ಗಳನ್ನೇ ಶಾಶ್ವತವಾಗಿ ನಿಲ್ಲಿಸುವುದೂ ಸಲ್ಲದು. ನಿಲ್ಲಿಸಿದ ಯಂತ್ರವೇ ಮುಂದೊಂದು ದಿನ 2018ರ ದೂರದ ಯಂತ್ರವಾಗುತ್ತದೆ. ಅದರ ಬದಲು ಎರಡು ಏರ್ಪಾಡು ಮಾಡಿಕೊಳ್ಳಿ. ಕಚೇರಿಯಲ್ಲಿ ಹತ್ತು ಯಂತ್ರಗಳಿದ್ದರೆ ಅಪ್‌ಡೇಟನ್ನು ಮೊದಲು ಒಂದಕ್ಕೆ ಹಾಕಿ, ಒಂದೆರಡು ದಿನ ನೋಡಿ, ಉಳಿದವುಗಳಿಗೆ ಹಾಕಿ. ಇನ್ನೊಂದು, ದೂರದ ಯಂತ್ರದ ಬಳಿ ಹೋಗಿ ಸ್ವಿಚ್ ಒತ್ತಬಲ್ಲ ಒಬ್ಬರ ಫೋನ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ನಿಮ್ಮ ಮೇಜಿನಲ್ಲಿ ಇಟ್ಟುಕೊಳ್ಳಿ. ಕಂಪ್ಯೂಟರಿನೊಳಗೆ ಮಾತ್ರ ಬರೆದಿಟ್ಟರೆ, ಬೇಕಾದ ದಿನ ಅದು ಸಿಗುವುದಿಲ್ಲ.